ಕುರಿ ಮಾರಿ ತಂದ ಗಾಡಿ

ನವೆಂಬರ್ ೩, ೨೦೨೫, ಸೋಮವಾರ

ಇವತ್ತು ಮತ್ತೆ ಹಳದಿ ದೀಪ ಹತ್ತಿತು. ಗಾಡಿ ಮನೆಗೆ ಬಂದ ಮೇಲೆ ಒಂದು ದೀಪಾವಳಿ ಕಳೆದಿದೆ, ಅಷ್ಟೇ. ಅಷ್ಟರಲ್ಲಿ ಇದು ಎರಡನೇ ಸಲ. ಸ್ಟೇರಿಂಗಿನ ಹಿಂದೆ, ವೇಗ ತೋರಿಸುವ ಮುಳ್ಳಿನ ಪಕ್ಕದಲ್ಲಿ, ಪೆಟ್ಟಿಗೆಯೊಳಗೆ ಚುಕ್ಕೆ ಇಟ್ಟ ಹಾಗೆ ಒಂದು ಚಿತ್ರ. ನನ್ನ ಕಣ್ಣಿಗೆ ಹುಳ ಬಿದ್ದ ಜೋಳದ ಚೀಲದ ಹಾಗೆ ಕಾಣುತ್ತದೆ.

"ಏನೂ ಆಗೂದಿಲ್ಲ ದಾಜಿ," ಅಂದ ಅಮರ. ಅವನು ನನ್ನ ಹೆಂಡತಿ ಇಂದ್ರವ್ವನ ತಮ್ಮ. ಅಕ್ಕನ ಗಂಡನಾದ ನನ್ನನ್ನು ಮೊದಲಿನಿಂದ ದಾಜಿ ಎಂದೇ ಕರೆಯುತ್ತಾನೆ. "ಈಗಿನ ಗಾಡಿಗೋಳು ಹಿಂಗ. ಸುಮ್ಮಸುಮ್ಮನ ಹತ್ತತಾವ, ಸುಮ್ಮಸುಮ್ಮನ ಆರತಾವ."

ಏನೂ ಆಗುವುದಿಲ್ಲ ಎಂದು ಯಾರಾದರೂ ಅಂದರೆ ನನಗೆ ಏನೋ ಆಗಿಯೇ ಹೋಗಿದೆ ಅನ್ನಿಸುತ್ತದೆ.

ಇಡೀ ಹಿಂಡು ಮಾರಿ ತಂದ ಗಾಡಿ ಇದು. ಮಂಡಿ ಸವೆದು ಕುರಿಯ ಹಿಂದೆ ತಿರುಗಲು ಆಗದಾದಾಗ ಅಮರನೇ ಹೇಳಿದ್ದ: "ಅಥಣಿ, ಕಾಗವಾಡ ಕಡಿಂದ ಮಂದಿ ಮಿರಜಿ ದವಾಖಾನಿಗೆ ಬರತಾರ. ಅವರಿಗೆ ಮರಾಠಿ ತಿಳಿಯಂಗಿಲ್ಲ. ಕನ್ನಡ ಮಾತಾಡೂ ಡ್ರೈವರ್ ಸಿಕ್ಕರ ಬಿಡಂಗಿಲ್ಲ ನೋಡ್ರಿ." ನಾನು ನಂಬಿದೆ. ಒಂದು ಮರಿಯನ್ನೂ ಉಳಿಸಿಕೊಳ್ಳದೆ ಮಾರಿದೆ. ಸಾಂಗಲಿಯಲ್ಲಿ ಬಳಸಿದ ಗಾಡಿ ಮಾರುವವನೊಬ್ಬ "ಕಾಂಪ್ಯಾಕ್ಟ್ ಎಸ್‌ಯುವಿ, ಡೀಸೆಲ್ಲು, ಸಣ್ಣದಾದರೂ ಗಟ್ಟಿ, ಖರ್ಚೇ ಇಲ್ಲ" ಎಂದು ಬಾನೆಟ್ ತಟ್ಟಿದ. ಬೆನ್ನು ತಟ್ಟಿ ಮಾರುವವರನ್ನು ನಾನು ಸಂತೆಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಆದರೂ ಕೊಂಡೆ.

ತಲೆಯಲ್ಲಿ ತಿರುಗುವುದನ್ನು ಬರೆದರೆ ಹಗುರಾಗಬಹುದು ಎಂದು ಈ ಹಳೆಯ ಡೈರಿ ಹಿಡಿದಿದ್ದೇನೆ. ಶಾಲೆಯ ಐದನೇ ಇಯತ್ತೆ ಮುಗಿಯುವ ಮೊದಲೇ ಕುರಿಯ ಹಿಂದೆ ಹೋದವನು ನಾನು. ತಪ್ಪಿದ್ದರೆ ಇದ್ದೀತು, ಯಾರು ಓದಬೇಕು.

ನವೆಂಬರ್ ೪, ಮಂಗಳವಾರ

ದೀಪ ಹಾಗೆಯೇ ಇದೆ.

ನಮ್ಮಪ್ಪ ಕುರಿಗಳನ್ನು ಪಾಲಿಗೆ ಬಿಡುತ್ತಿದ್ದ. ಕುರಿ ನಮ್ಮದು, ಸಾಕುವ ಕೆಲಸ ಅವರದು, ಹುಟ್ಟಿದ ಮರಿಯಲ್ಲಿ ಅರ್ಧ ಅರ್ಧ. ಸಾಕುವವನ ಹತ್ತಿರ ಕುರಿ ಸತ್ತರೆ ಅದರ ಕಿವಿ ಕೊಯ್ದು ತಂದು ತೋರಿಸಬೇಕು. ಕಿವಿಯಲ್ಲಿ ನಮ್ಮ ಗುರುತಿನ ಕಚ್ಚು ಇರುತ್ತಿತ್ತು. ಕಿವಿ ತಂದರೆ ಸತ್ತಿದೆ, ತರದಿದ್ದರೆ ಮಾರಿದ್ದಾನೆ. ಅದರಲ್ಲಿ ಜಗಳವಿಲ್ಲ, ಸಿಟ್ಟಿಲ್ಲ. ನಮ್ಮ ಮನೆಯ ಕಟ್ಟಳೆ.

ಅಮರನಿಗೆ ಗಾಡಿಯನ್ನೂ ಹಾಗೆಯೇ ಪಾಲಿಗೆ ಕೊಟ್ಟಿದ್ದೇನೆ. ಯಾವ ಭಾಗ ಬದಲಾಯಿಸಿದರೂ ಹಳೆಯದನ್ನು ತಂದು ನನ್ನ ಮುಂದೆ ಇಡಬೇಕು. ಇನ್ನೊಂದು ಮಾತು, ನಲವತ್ತರ ಮೇಲೆ ಓಡಿಸಬಾರದು, ಕಾಗವಾಡ ದಾಟಬಾರದು. ಗಬ್ಬದ ಕುರಿಯನ್ನು ಓಡಿಸಿದರೆ ಏನಾಗುತ್ತದೆ ಎಂದು ಕುರಿ ಕಾಯ್ದವನಿಗೆ ಯಾರೂ ಹೇಳಬೇಕಾಗಿಲ್ಲ. ಉಸಿರು ಹತ್ತಿಸದೆ ಮೆಲ್ಲಗೆ ಹೊಡೆದುಕೊಂಡು ಹೋದ ಜೀವ ಬಾಳಿಕೆ ಬರುತ್ತದೆ. ಯಂತ್ರಕ್ಕೂ ಅದೇ ಅಲ್ಲವೇ?

"ನಲವತ್ತರ ಮ್ಯಾಗ ಎತ್ತಿನ ಗಾಡೀನೂ ಓಡತೈತಿ ದಾಜಿ," ಎಂದು ನಕ್ಕ. ನಾನು ನಗಲಿಲ್ಲ.

ನವೆಂಬರ್ ೮, ಶನಿವಾರ

ಅಮರ ಮಿರಜಿನ ಭರತೇಶನ ಗ್ಯಾರೇಜಿನಲ್ಲಿ ತೋರಿಸಿದನಂತೆ. ಸೆನ್ಸರ್ ಹೋಗಿದೆ ಎಂದು ಹೊಸದು ಹಾಕಿದರಂತೆ. ಒಂದು ಮರಿಯ ದುಡ್ಡು ಹೋಯಿತು.

ಹಳೆಯದನ್ನು ತಂದು ಕಟ್ಟೆಯ ಮೇಲೆ ಇಟ್ಟ. ಬೆರಳುದ್ದದ್ದು, ಬಾಲದ ಹಾಗೆ ವೈರು. ತಿರುವಿ ಮುರುವಿ ನೋಡಿದೆ. ಸವೆದಿಲ್ಲ, ಮುರಿದಿಲ್ಲ, ಹೊಳೆಯುತ್ತಿದೆ. ಇದು ನಮ್ಮ ಗಾಡಿಯದೇ ಎಂದು ಹೇಗೆ ತಿಳಿಯಬೇಕು? ಇದಕ್ಕೆ ಕಚ್ಚು ಎಲ್ಲಿದೆ?

ಕುರಿಗೆ ಹಚ್ಚುವ ಕೆಂಪು ಬಣ್ಣ ಅಟ್ಟದ ಮೇಲೆ ಉಳಿದಿತ್ತು. ತಂದು ಬ್ಯಾಟರಿಗೆ, ಕಣ್ಣಿಗೆ ಕಾಣುವ ಫಿಲ್ಟರುಗಳಿಗೆ, ನಾಲ್ಕೂ ಟೈರುಗಳಿಗೆ, ವೈಪರಿಗೆ ಒಂದೊಂದು ಬೊಟ್ಟು ಇಟ್ಟೆ. ಇನ್ನು ಯಾರಾದರೂ ಬದಲಾಯಿಸಲಿ, ನೋಡುತ್ತೇನೆ.

ಅಮರ ಸುತ್ತು ಹಾಕಿ ನೋಡಿದ. "ಅಕ್ಕಾ, ಬಾ ಇಲ್ಲೆ. ಗಾಡೀಗಿ ದೃಷ್ಟಿ ಬೊಟ್ಟ ಇಟ್ಟಾರ ನಿನ್ನ ಗಂಡ."

ಇಂದ್ರವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. "ಅವನ ಕಿವೀಗೂ ಒಂದ ಇಟ್ಟ ಬಿಡ್ರಿ, ತಪ್ಪಿಸಿಕೊಂಡ ಹೋದಾನು," ಅಂದು ಒಳಗೆ ಹೋದಳು.

ಅಕ್ಕ ತಮ್ಮ ಇಬ್ಬರೂ ಒಂದೇ. ತಾಯಿ ತೀರಿದಾಗ ಅವನು ತೊಟ್ಟಿಲಲ್ಲಿದ್ದ. ಮದುವೆಯಾಗಿ ಬರುವಾಗ ಇವಳು ಅವನನ್ನು ಸೊಂಟದ ಮೇಲೆ ಇಟ್ಟುಕೊಂಡೇ ನಮ್ಮೂರು ಆರಗಕ್ಕೆ ಬಂದಳು. ನಮ್ಮ ಮನೆಯ ಅನ್ನ ಉಂಡೇ ಬೆಳೆದ. ಅದಕ್ಕೇ ನನಗೆ ಹೆಚ್ಚು ಅಂಜಿಕೆ. ಹೊರಗಿನವನು ಮೋಸ ಮಾಡಿದರೆ ಬೈದು ಕಳಿಸಬಹುದು.

ನವೆಂಬರ್ ೧೩, ಗುರುವಾರ

ಇವತ್ತು ಕಂಡದ್ದನ್ನು ಬರೆದಿಡಲೇಬೇಕು.

ಎಂಜಿನ್ನಿನ ಆಯಿಲ್ ನೋಡುವ ಕಡ್ಡಿಯನ್ನು ಎಳೆದು ನೋಡಿದೆ. ಆಯಿಲ್ ಕಡಿಮೆಯಾಗಬೇಕು, ಅದು ಲೋಕರೂಢಿ. ನಮ್ಮದರಲ್ಲಿ ಹೆಚ್ಚಾಗಿದೆ! ಮೇಲಿನ ಗೆರೆ ದಾಟಿ ನಿಂತಿದೆ. ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ.

ಯಾರು ಸುರಿದರು? ಯಾಕೆ? ಡೀಸೆಲ್ಲೂ ಮೊದಲಿಗಿಂತ ಹೆಚ್ಚು ಕುಡಿಯುತ್ತಿದೆ. ಒಂದು ಕಡೆ ಡೀಸೆಲ್ ಕಡಿಮೆಯಾಗುತ್ತದೆ, ಇನ್ನೊಂದು ಕಡೆ ಆಯಿಲ್ ಹೆಚ್ಚಾಗುತ್ತದೆ. ಹಾಲಿಗೆ ನೀರು ಬೆರೆಸುವುದು ಗೊತ್ತು. ಇದು ಯಾವ ಬೆರಕೆ?

ಅಮರನನ್ನು ಕೇಳಿದೆ. "ನನಗೂ ತಿಳೀವಲ್ತು ದಾಜಿ," ಅಂದ. ಕಣ್ಣು ತಪ್ಪಿಸಿದ ಹಾಗೆ ಅನ್ನಿಸಿತು. ಅಥವಾ ಊಟದ ತಾಟು ನೋಡಿದನೋ.

ನವೆಂಬರ್ ೧೫, ಶನಿವಾರ

ಅಮರನಿಗೆ ಹೇಳದೆ ಬಸ್ಸಿಗೆ ಮಿರಜಿಗೆ ಹೋದೆ. ಅವನು ರೋಗಿಗಳನ್ನು ಇಳಿಸುವ ದವಾಖಾನೆಯ ಎದುರಿನ ಚಹಾದ ಗಾಡಿಯ ಹಿಂದೆ, ತಲೆಗೆ ಟವೆಲ್ ಸುತ್ತಿಕೊಂಡು ನಿಂತೆ.

ನಮ್ಮ ಗಾಡಿ ಬೇವಿನ ಗಿಡದ ಕೆಳಗೆ ಇತ್ತು. ಎಂಜಿನ್ ಚಾಲೂ! ಗಾಡಿ ನಿಂತೇ ಇದೆ, ಎಂಜಿನ್ ಗುರುಗುಡುತ್ತಲೇ ಇದೆ. ಒಳಗೆ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಒಬ್ಬ ಮುದುಕಿ ಎಸಿಯ ತಂಪಿನಲ್ಲಿ ಕಾಲು ಚಾಚಿ ಮಲಗಿದ್ದಾಳೆ. ಅವಳ ಮಗ ಔಷಧಿ ಅಂಗಡಿಯ ಸಾಲಿನಲ್ಲಿ. ಅಮರ ಗೋಡೆಯ ಮೇಲೆ ಕೂತು ಕಾಲು ಆಡಿಸುತ್ತಿದ್ದಾನೆ. ನನ್ನ ಡೀಸೆಲ್ಲು ಸುಟ್ಟು ಊರವರಿಗೆ ಗಾಳಿ!

ಎಷ್ಟೋ ಹೊತ್ತು ಹಾಗೆಯೇ ನಿಂತೆ. ಇನ್ನೇನು ಮಾಡುತ್ತಾನೋ ನೋಡೋಣ ಎಂದು. ಬೆನ್ನ ಹಿಂದೆ ದನಿ ಕೇಳಿತು.

"ಚಹಾ ತಗೋರಿ ದಾಜಿ. ಆಗಲಿಂದ ನಿಂತೀರಿ, ಮಂಡಿ ಬ್ಯಾನಿ ಆಗತಾವ."

ಎರಡು ಕಪ್ಪು ಹಿಡಿದುಕೊಂಡು ನಿಂತಿದ್ದ. ಚಹಾ ಕುಡಿದೆ. ಸಕ್ಕರೆ ಕಡಿಮೆ ಹಾಕಿಸಿದ್ದ, ನನಗೆ ಬೇಕಾದ ಹಾಗೆ.

ಮೊದಲೇ ನೋಡಿದ್ದರೆ ಆಗಲೇ ಯಾಕೆ ಮಾತಾಡಿಸಲಿಲ್ಲ? ಅದೇ ತಲೆಯಲ್ಲಿ ಕೊರೆಯುತ್ತಿದೆ.

ನವೆಂಬರ್ ೧೯, ಬುಧವಾರ

ಅಮರನಿಗೆ ಹೆಣ್ಣಿನ ಮಾತು ಬಂದಿದೆ. ಸಾಂಗಲಿಯ ಪಕ್ಕದ ಬುಧಗಾಂವದವರು, ನಮ್ಮದೇ ಜಾತಿ, ಮನೆಯಲ್ಲಿ ಕನ್ನಡ. ಹುಡುಗಿಯ ಹೆಸರು ಸುಮನ, ತಂದೆ ಧೋಂಡಿಬಾ. ಇಂದ್ರವ್ವ ಬೆಳಗಿನಿಂದ ಹಾಡಿಕೊಂಡೇ ಕಸ ಹೊಡೆಯುತ್ತಿದ್ದಾಳೆ.

"ಹುಡುಗಂದ ಸ್ವಂತ ಗಾಡಿ ಐತಿ ಅಂದ ಕೂಡಲೇ ಅವರು ಒಪ್ಪಿಗಿ ಅಂದಾರಂತ," ಅಂದಳು.

ಸ್ವಂತ ಗಾಡಿ! ಯಾರ ಸ್ವಂತ? ಹಾಗೆಂದು ಹೇಳಿದವರು ಯಾರು? ನಾಳೆ ಮದುವೆಯಾದ ಮೇಲೆ ಬುಧಗಾಂವದವರು ಬಂದು ಅಳಿಯನ ಗಾಡಿ ಎಂದು ಹೊಡೆದುಕೊಂಡು ಹೋದರೆ? ಹಿಂಡು ಹೋಯಿತು, ಗಾಡಿಯೂ ಹೋದರೆ ನಾನು ಈ ಮಂಡಿ ಇಟ್ಟುಕೊಂಡು ಯಾರ ಬಾಗಿಲಿಗೆ ಹೋಗಬೇಕು?

ಇದನ್ನು ಇಂದ್ರವ್ವನಿಗೆ ಹೇಳಲಿಲ್ಲ. ಹಾಡುತ್ತಿದ್ದಳು.

ನವೆಂಬರ್ ೨೪, ಸೋಮವಾರ

ನಾಲ್ಕು ದಿನದಿಂದ ದೀಪ ಹತ್ತಿಲ್ಲ. ಗಾಡಿ ಹೂವಿನ ಹಾಗೆ ಓಡುತ್ತಿದೆ ಅನ್ನುತ್ತಾನೆ ಅಮರ.

ಯಾಕೆ ಹತ್ತಿಲ್ಲ? ಬಲ್ಬು ಕಿತ್ತಿದ್ದಾನೆಯೇ?

ನವೆಂಬರ್ ೨೬, ಬುಧವಾರ

ಸಿಕ್ಕಿತು.

ಊಟಕ್ಕೆ ಕೂತಿದ್ದೆ, ಫೋನು ಬಂತು. ಗುರುತಿಲ್ಲದ ಗಂಡಸಿನ ದನಿ, ಅಥಣಿಯ ಆಚೆಯ ಯಾವುದೋ ಹಳ್ಳಿ. "ಕಾಕಾರ, ಅಮರ ನಿಮ್ಮ ಮನಿಯವನೇನ್ರಿ? ಅವನ ಫೋನ್ ಹತ್ತವಲ್ತು, ಗಾಡಿ ಮ್ಯಾಲ ಈ ನಂಬರ್ ಇತ್ತು. ನಮ್ಮವ್ವನ ಪ್ಲಾಸ್ಟರ್ ಕಾಲು, ಬಸ್ಸಿನ್ಯಾಗ ಕುಂಡ್ರಾಕ ಆಗತಿದ್ದಿಲ್ರಿ. ನಿಮ್ಮ ಹುಡುಗ ಹೋದ ಗುರುವಾರ ನಮ್ಮೂರ ತನಕ ಬಂದು, ಹಾಸಿಗಿ ಮಟ ಎತಗೊಂಡ ಬಂದ ಮಲಗಿಸಿ ಹೋದ. ಅವ್ವ ದಿನಾ ನೆನಸತಾಳ. ಹೇಳ್ರಿ ಅವಗ."

ಹೇಳುತ್ತೇನೆ ಅಂದೆ. ತಾಟು ಸರಿಸಿ ಎದ್ದೆ. ಅಥಣಿಯ ಆಚೆ! ಗುರುವಾರ ಏನು ಹೇಳಿದ್ದ ನನಗೆ? ಕಾಗವಾಡಕ್ಕೆ ಎರಡು ಸಲ ಹೋಗಿ ಬಂದೆ ಎಂದು ಹೇಳಿ ನನ್ನ ಪಾಲಿನ ದುಡ್ಡು ಎಣಿಸಿಕೊಟ್ಟಿದ್ದ.

ಸಂಜೆ ಬಂದ. ಕಟ್ಟೆಯ ಮೇಲೆ ಕೂರಿಸಿ ಕೇಳಿದೆ. ಸುಳ್ಳು ಮುಂದುವರಿಸುತ್ತಾನೆ ಎಂದುಕೊಂಡಿದ್ದೆ, ಮುಂದುವರಿಸಲಿಲ್ಲ.

"ಹೌದ್ರಿ, ಹೋಗಿದ್ದೆ."

"ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಬ್ಯಾಡ ಅಂತಿದ್ರಿ."

"ಅಂತಿದ್ದೆ."

"ಅದಕ್ಕ ಹೇಳಲಿಲ್ಲ."

"ಎಷ್ಟರ ಮ್ಯಾಲ ಓಡಿಸಿದಿ?"

"ಹೊತ್ತ ಮುಳುಗೂದ್ರೊಳಗ ಮುಟ್ಟಬೇಕಾಗಿತ್ತು. ಎಂಬತ್ತು, ತೊಂಬತ್ತು."

"ಕೀಲಿ ಇಲ್ಲಿ ಇಡು," ಅಂದೆ.

ಇಟ್ಟ. ಒಳಗೆ ಹೋಗಿ ಎರಡು ಅಂಗಿ ಚೀಲಕ್ಕೆ ಹಾಕಿಕೊಂಡು, ಅಕ್ಕನ ಕಾಲು ಮುಟ್ಟಿ, ಬಸ್ಸಿನ ದಾರಿ ಹಿಡಿದ. ನಾನು ಕೀಲಿ ಕೇಳಿದ್ದೆ, ಅಷ್ಟೇ. ಮನೆ ಬಿಟ್ಟು ಹೋಗು ಎಂದಿರಲಿಲ್ಲ.

ಡಿಸೆಂಬರ್ ೪, ಗುರುವಾರ

ಅಮರ ಮಿರಜಿನಲ್ಲಿ ಭೂಷಣ ಎಂಬವನ ಟ್ರಾವೆಲ್ಸಿಗೆ ಡ್ರೈವರಾಗಿ ಸೇರಿದ್ದಾನೆ. ಅಲ್ಲಿಯೇ ಮಲಗುತ್ತಾನಂತೆ.

ಇಂದ್ರವ್ವ ಮಾತು ಬಿಟ್ಟಿದ್ದಾಳೆ. ರೊಟ್ಟಿ ಬಡಿಯುವ ಸದ್ದಿನಲ್ಲೇ ಎಲ್ಲ ಹೇಳುತ್ತಾಳೆ.

ಗಾಡಿಗೆ ಕೇತನ ಎಂಬ ಹುಡುಗನನ್ನು ಇಟ್ಟಿದ್ದೇನೆ, ದಿನಗೂಲಿ. ಕನ್ನಡ ತಿಳಿಯುತ್ತದೆ, ಮಾತಾಡುವುದು ಮರಾಠಿ. ಏನು ಹೇಳಿದರೂ ಹೌದು ಎನ್ನಲು "ಹೋ ಕಾಕಾ". ನಲವತ್ತರ ಮೇಲೆ ಬೇಡ ಅಂದೆ, "ಹೋ ಕಾಕಾ". ಮುಳ್ಳು ಒಂದು ಕೂದಲೆಳೆಯಷ್ಟೂ ಆಚೆ ಹೋಗುವುದಿಲ್ಲ. ನನ್ನ ಮುಖವನ್ನೂ ನೋಡುವುದಿಲ್ಲ, ಮೊಬೈಲು ನೋಡುತ್ತಾನೆ.

ದೀಪ ಮತ್ತೆ ಹತ್ತಿದೆ, ಆರುವುದೇ ಇಲ್ಲ. ನಾನು ಹೇಳಿದಂತೆಯೇ ಎಲ್ಲ ನಡೆದಿದೆ, ಸಮಾಧಾನವಾಗಿರಬೇಕಿತ್ತು. ರೋಗಿಗಳು ಕಡಿಮೆಯಾಗಿದ್ದಾರೆ. ಫೋನು ಮಾಡಿದವರೆಲ್ಲ ಮೊದಲು ಕೇಳುವುದು, "ಅಮರ ಇಲ್ಲೇನ್ರಿ?"

ಡಿಸೆಂಬರ್ ೯, ಮಂಗಳವಾರ

ಬುಧಗಾಂವದಿಂದ ಮಾತು ಬಂದಿದೆ. ಹುಡುಗನ ಕೈಯಲ್ಲಿ ಗಾಡಿ ಇಲ್ಲವಂತೆ, ದಾಜಿಯೇ ಕಸಿದುಕೊಂಡಿದ್ದಾನಂತೆ, ಏನು ಭಾನಗಡಿ, ಏನು ಗೊಂದಲ ಎಂದು ಕೇಳುತ್ತಿದ್ದಾರಂತೆ. ಮಾತುಕತೆ ನಿಲ್ಲಿಸಿದ್ದಾರೆ.

ಇಂದ್ರವ್ವ ಇಷ್ಟು ದಿನದ ಮೇಲೆ ಬಾಯಿ ತೆರೆದಳು. "ಕುರಿ ನಿಮ್ಮವು, ಮಾರಿದ್ರಿ. ಅವ ನನ್ನ ತಮ್ಮ. ಅವನ್ನ ಸಂತ್ಯಾಗ ನಿಂದರಸಬ್ಯಾಡ್ರಿ."

ನಾನೇನು ಮಾಡಿದೆ? ಗಾಡಿ ಕಾಪಾಡಿಕೊಂಡೆ.

ಡಿಸೆಂಬರ್ ೧೩, ಶನಿವಾರ

ಗಾಡಿ ನಿಂತಿತು.

ಮಿರಜಿನ ರೈಲ್ವೆ ಸೇತುವೆಯ ಏರಿನಲ್ಲಿ. ನಾನೂ ಇದ್ದೆ, ಹಿಂದಿನ ಸೀಟಿನಲ್ಲಿ ಡಯಾಲಿಸಿಸ್ಸಿಗೆ ಹೊರಟ ಒಬ್ಬ ಮೇಷ್ಟ್ರು. ಏರು ಹತ್ತುವಾಗ ಉಬ್ಬಸ ಹಿಡಿದ ಮುದುಕನ ಹಾಗೆ ಏದುಸಿರು ಬಿಟ್ಟು, ಎಲ್ಲ ದೀಪ ಒಮ್ಮೆಲೇ ಹತ್ತಿ, ಅಲ್ಲೇ ಸುಮ್ಮನಾಯಿತು. ಹಿಂದೆ ಬಸ್ಸು, ಟ್ರ್ಯಾಕ್ಟರು, ಬೈಕು, ಎಲ್ಲರ ಹಾರನ್ನು ನನ್ನ ತಲೆಯ ಮೇಲೆಯೇ.

ಕೇತನ ಇಳಿದು ಬಾನೆಟ್ ಎತ್ತಿ ನೋಡಿ, ಮತ್ತೆ ಇಳಿಸಿದ. "ಕಾಕಾ, ಮಲಾ ಕಾಯ್ ಸಮಜತ ನಾಹಿ," ತನಗೇನೂ ತಿಳಿಯುತ್ತಿಲ್ಲ ಎಂದು ಆ ಕಡೆ ಹೋಗಿ ನಿಂತ. ಹಾಗೆಯೇ ಯಾರದೋ ಬೈಕು ಹತ್ತಿ ಹೋಗಿಬಿಟ್ಟ.

ಮೇಷ್ಟ್ರನ್ನು ರಿಕ್ಷಾದಲ್ಲಿ ಕೂರಿಸಿದೆ. ಪಾಪ, ಅವರೇ ನನಗೆ ಸಮಾಧಾನ ಹೇಳಿದರು. "ನೀವು ಅಂಜಬ್ಯಾಡ್ರಿ, ಇನ್ನೂ ವ್ಯಾಳೆ ಐತಿ. ಅಮರ ಇದ್ದಿದ್ರ ಇಷ್ಟೊತ್ತಿಗೆ ಏನರ ಜೋಕ್ ಹೊಡೀತಿದ್ದ."

ಗಾಡಿಯನ್ನು ಹಗ್ಗ ಕಟ್ಟಿ ಭರತೇಶನ ಗ್ಯಾರೇಜಿಗೆ ಎಳೆಸಿಕೊಂಡು ಹೋದೆ. ಸತ್ತ ಎಮ್ಮೆಯನ್ನು ಎಳೆದ ಹಾಗೆ.

ಡಿಸೆಂಬರ್ ೧೫, ಸೋಮವಾರ

ಭರತೇಶ ಕಂಪ್ಯೂಟರಿನ ವೈರು ಚುಚ್ಚಿ ನೋಡಿದ. ಆಮೇಲೆ ಕೇಳಿದ, "ಕಾಕಾ, ದಿನಾ ಎಷ್ಟರ ಮ್ಯಾಲ ಓಡಸ್ತೀರಿ?"

"ನಲವತ್ತು ದಾಟಿಸಿಲ್ಲ," ಅಂದೆ. ಎದೆ ಸೆಟೆಸಿಯೇ ಅಂದೆ.

ಅವನು ಸ್ಪ್ಯಾನರು ಕೆಳಗಿಟ್ಟು ನಕ್ಕ. "ಅದಕ್ಕ ಸತ್ತೈತಿ. ಸೈಲೆನ್ಸರ್ ಲೈನಿನ್ಯಾಗ ಒಂದು ಫಿಲ್ಟರ್ ಇರತೈತ್ರಿ, ಹೊಗಿ ಒಳಗಿನ ಮಸಿ ಹಿಡದ ಇಟಗೋತೈತಿ. ಗಾಡಿ ದೊಡ್ಡ ರಸ್ತಾದಾಗ ಜೋರ ಓಡಿ ಚಲೋ ಕಾದ್ರ ಆ ಮಸಿ ತಾನ ಸುಟ್ಟ ಹೋಗತೈತಿ. ನಿಮ್ಮದು ಆರಗದಿಂದ ಮಿರಜಿ, ಮಿರಜಿಂದ ಆರಗ. ಮ್ಯಾಲ ದವಾಖಾನಿ ಮುಂದ ಎಸಿ ಹಚ್ಚಿ ನಿಂದರಸೂದು. ಅದು ಕಾಯೂದು ಯಾವಾಗ, ಮಸಿ ಸುಡೂದು ಯಾವಾಗ?"

"ಆಯಿಲ್ ಯಾಕ ಹೆಚ್ಚಾತು?"

"ಮಸಿ ಸುಡಾಕಂತ ಗಾಡಿ ಜಾಸ್ತಿ ಡೀಸೆಲ್ ಒಗೀತೈತಿ. ಸುಡದ ಉಳದದ್ದು ಇಳದು ಆಯಿಲ್ ಒಳಗ ಕೂಡತೈತಿ."

"ಹಂಗಾರ ಅವತ್ತ ಸೆನ್ಸರ್ ಯಾಕ ಹಾಕಿದಿ?"

"ಅದು ನನ್ನ ಅಂದಾಜ. ತಪ್ಪಿತು."

"ರೊಕ್ಕ?"

"ಅಂದಾಜಿಗೂ ರೊಕ್ಕ ಐತ್ರಿ ಕಾಕಾ," ಎಂದು ಹಲ್ಲು ಕಿಸಿದ. ಇಂಥವರನ್ನು ಹೇಗೆ ನಂಬುವುದು?

ಹೊಸ ಫಿಲ್ಟರ್ ಹಾಕಿದರೆ ಅರ್ಧ ಹಿಂಡಿನ ದುಡ್ಡು. ಇಲ್ಲವಾದರೆ ಅವನು ಇದ್ದುದನ್ನೇ ತೊಳೆದು, ಆಯಿಲ್ ಬದಲಾಯಿಸಿ ಕೊಡುತ್ತಾನೆ, ಅದನ್ನು ಪಂಢರಪುರದ ಕಡೆಯ ದೊಡ್ಡ ರಸ್ತೆಗೆ ಒಯ್ದು ಅರ್ಧ ತಾಸು ಎಲ್ಲಿಯೂ ನಿಲ್ಲಿಸದೆ ಎಂಬತ್ತರ ಮೇಲೆ ಓಡಿಸಬೇಕು. ದೀಪ ಆರಿದರೆ ಗಾಡಿ ಬದುಕಿತು.

ಓಡಿಸಿದರೆ ಬದುಕುತ್ತದಂತೆ! ಎಂಜಿನ್ ಒಡೆದರೆ ಇವನಿಗೇ ಲಾಭ. ಹಾಗೆಂದು ಬಿಟ್ಟರೂ ಇವನಿಗೇ ಲಾಭ.

"ಯಾವಾಗರ ದೀಪ ತಾನ ಆರಿತ್ತೇನ್ರಿ?" ಎಂದೂ ಕೇಳಿದ. ಇಲ್ಲ ಅಂದೆ. ಬಸ್ಸಿನಲ್ಲಿ ಬರುವಾಗ, ಅರ್ಧ ದಾರಿ ದಾಟಿದ ಮೇಲೆ, ಅಮರ ಅಥಣಿಗೆ ಹೋಗಿ ಬಂದ ಆ ವಾರ ದೀಪ ಹತ್ತಿರಲಿಲ್ಲ ಎಂದು ನೆನಪಾಯಿತು. ಇಳಿದು ಮತ್ತೆ ಹೋಗಿ ಹೇಳಲಿಲ್ಲ. ಹೇಳಿ ಏನು ಮಾಡುವುದಿತ್ತು.

ಡಿಸೆಂಬರ್ ೧೭, ಬುಧವಾರ

ಕೇತನ ಬರಲಿಲ್ಲ. ಬಂದಿದ್ದರೂ ಅವನ ಪಕ್ಕದಲ್ಲಿ ಕೂತು ಎಂಬತ್ತರಲ್ಲಿ ಹೋಗುವ ಧೈರ್ಯ ನನಗಿಲ್ಲ. ಗ್ಯಾರೇಜಿಗೆ ಹೋದರೆ ಅಮರ ಅಲ್ಲಿ ನಿಂತಿದ್ದ. ನಾನು ಕರೆದಿರಲಿಲ್ಲ. ಇಂದ್ರವ್ವನ ಕೆಲಸ.

"ಭೂಷಣಗ ಅರ್ಧ ದಿನ ರಜಾ ಹೇಳಿ ಬಂದೇನಿ," ಅಂದ. "ಕುಂದರ್ರಿ."

ದೊಡ್ಡ ರಸ್ತೆ ಸಿಕ್ಕ ಕೂಡಲೇ ಒತ್ತಿದ. ಐವತ್ತು, ಅರವತ್ತು. ನಾನು ಬಾಗಿಲಿನ ಹಿಡಿಕೆ ಹಿಡಿದೆ. ಎಪ್ಪತ್ತು. ಎರಡೂ ಕಡೆಯ ದ್ರಾಕ್ಷಿ ತೋಟಗಳು ಒಂದೇ ರಾಶಿಯಾಗಿ ಹಿಂದೆ ಓಡಿದವು.

"ಕಣ್ಣ ಮುಚಗೋರಿ ದಾಜಿ. ಮುಗದ ಮ್ಯಾಲ ಎಬ್ಬಸ್ತೇನಿ."

"ನೀ ಮುಂದ ನೋಡು."

"ಮುಂದ ನೋಡಾಕತ್ತೇನಿ. ನೀವು ನನ್ನ ನೋಡಾಕತ್ತೀರಿ."

ಏನೋ ಸುಟ್ಟ ವಾಸನೆ ಬರತೊಡಗಿತು. ಅದೇ ಮಸಿ, ಬರಲಿ ಬಿಡ್ರಿ, ಅಂದ. ದೀಪ ಇನ್ನೂ ಇತ್ತು. ಇನ್ನೇನು ಆರಬೇಕು ಅನ್ನುವಾಗ ದೂರದಲ್ಲಿ ರಸ್ತೆಗೆ ಅಡ್ಡಲಾಗಿ ಬೂದು ಬಣ್ಣ ಹರಡಿದ್ದು ಕಂಡಿತು. ಕುರಿ. ದೊಡ್ಡ ಹಿಂಡು, ಹಿಂದೆ ಕಂಬಳಿ ಹೊದ್ದ ಒಬ್ಬ ಹೆಂಗಸು.

"ನಿಂದರಸಬ್ಯಾಡ!" ಎಂದು ನಾನೇ ಕೂಗಿದೆ. "ಹಾರನ್ ಹೊಡಿ, ಬದೀಲೆ ತಗೊ, ಮಸಿ ಉಳೀತೈತಿ!"

ಅವನು ಮೆಲ್ಲಗೆ ವೇಗ ಇಳಿಸುತ್ತ ಬಂದು, ಹಿಂಡು ಬೆದರದಷ್ಟು ದೂರದಲ್ಲಿ ನಿಲ್ಲಿಸಿದ. ಹಾರನ್ನು ಮುಟ್ಟಲಿಲ್ಲ. "ಕೆಲವು ಗಬ್ಬ ಅದಾವ ದಾಜಿ," ಅಂದ. ನಾನು ನೋಡಿದೆ. ಹೌದು, ಮಧ್ಯದ ನಾಲ್ಕೈದು ಗಬ್ಬವಿದ್ದವು. ನನಗೆ ಮೊದಲು ಕಾಣಬೇಕಾಗಿತ್ತು.

ಕೊನೆಯ ಮರಿ ದಾಟಿದ ಮೇಲೆ ಹೊರಟೆವು, ಮೊದಲಿನಿಂದ ಮತ್ತೆ ಅರ್ಧ ತಾಸು. ಈ ಸಲ ಅವನು ಭೂಷಣನ ಬಗ್ಗೆ ಹೇಳಿದ. ಪಗಾರ ಚಲೋ ಕೊಡುತ್ತಾನೆ, ಆದರೆ ರೋಗಿಯನ್ನು ಎತ್ತಿ ಇಳಿಸಲು ಹೊತ್ತು ಹಚ್ಚಿದರೆ ಬೈಯುತ್ತಾನಂತೆ. ಬುಧಗಾಂವದ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಮುಳ್ಳು ಎಷ್ಟರ ಮೇಲಿತ್ತೋ ನೆನಪಿಲ್ಲ. ದೀಪ ಯಾವಾಗ ಆರಿತೋ ಅದೂ ನನಗೆ ಕಾಣಲಿಲ್ಲ, ಅವನೇ ಹೇಳಿದ.

ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿ ಕೀಲಿ ನನ್ನ ಕೈಗೆ ಕೊಟ್ಟ. ಇಂದ್ರವ್ವ ರೊಟ್ಟಿ ಕಟ್ಟಿ ಕೊಟ್ಟಳು. ಬಸ್ಸಿಗೆ ಹೋದ.

ಎರಡು ಸಲ ಬಾಯಿ ತೆರೆದೆ. ಬಸ್ಸು ಬಂತು.

ಡಿಸೆಂಬರ್ ೨೧, ರವಿವಾರ

ಬುಧಗಾಂವದ ಧೋಂಡಿಬಾ ಇವತ್ತು ಹೇಳದೆ ಕೇಳದೆ ಬಂದ. ಒಬ್ಬನೇ. ಇಂದ್ರವ್ವ ಸಂತೆಗೆ ಹೋದ ಹೊತ್ತು ನೋಡಿಯೇ ಬಂದಿರಬೇಕು. ಬಿಳಿ ಟೋಪಿ, ಇಸ್ತ್ರಿ ಮಾಡಿದ ಅಂಗಿ. ಕಟ್ಟೆಯ ಮೇಲೆ ಕೂತವನು ನೀರು ಕುಡಿಯುವ ಮೊದಲೇ ನಮ್ಮ ಸೂರು, ಗೋಡೆಯ ಬಿರುಕು, ಖಾಲಿ ಕುರಿ ದಡ್ಡಿ, ಎಲ್ಲ ಕಣ್ಣಲ್ಲೇ ಅಳೆದ. ಗಾಡಿಗೆ ಒಂದು ಸುತ್ತು ಹಾಕಿ ಬಂದ.

"ಪಾವಣ್ಯಾರ," ಅಂದ, ಬೀಗರನ್ನು ಕರೆಯುವ ಹಾಗೆ. "ನಡುವಿನವರು ಏನೇನರ ಹೇಳತಾರ. ನೀವು ಅವನ್ನ ಸಣ್ಣವಿದ್ದಾಗಿಂದ ನೋಡೀರಿ. ನಿಮ್ಮ ಬಾಯಿಲೆ ಕೇಳಾಕ ಬಂದೇನಿ. ಹುಡುಗ ಕುಡೀತಾನೇನ್ರಿ?"

"ಚಹಾ ಕುಡೀತಾನ."

"ಸುಳ್ಳ ಹೇಳತಾನ?"

ಎಂಥ ಪ್ರಶ್ನೆ ನೋಡಿ. ಮೈಯೆಲ್ಲ ಉರಿಯಿತು. "ಒಂದ ಸಲ ಹೇಳ್ಯಾನ," ಅಂದೆ.

ಧೋಂಡಿಬಾ ಮುಂದಕ್ಕೆ ಬಾಗಿದ. "ಏನಂತ?"

"ನಡಿಯಾಕ ಬಾರದ ಮುದುಕೀನ್ನ ಅಥಣಿ ಆಚೆ ಅವರ ಹಾಸಿಗಿ ಮಟ ಬಿಟ್ಟ ಬಂದು, ಕಾಗವಾಡಕ್ಕ ಹೋಗಿದ್ದೆ ಅಂದ. ನಾ ಬ್ಯಾಡ ಅಂತಿದ್ದೆ, ಅದಕ್ಕ. ಕೇಳಿದ ಕೂಡಲೇ ಖರೇ ಹೇಳಿದ."

ಅವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಹಂಗಾರ ಗಾಡಿ ಕೀಲಿ ನಿಮ್ಮ ಹಂತ್ಯಾಕ ಯಾಕ ಐತಿ? ಗಾಡಿ ಯಾರದ್ರಿ?"

ಕೇಳುವ ರೀತಿ ನೋಡಬೇಕಿತ್ತು. ನಮ್ಮ ಹುಡುಗನ ಹಲ್ಲು ಬಿಡಿಸಿ ನೋಡಲು ಬಂದವನ ಹಾಗೆ. ಮಗಳನ್ನು ಕೊಡುತ್ತಾನೋ ಗಾಡಿಗೆ ಕೊಡುತ್ತಾನೋ?

"ಅವಂದು," ಅಂದೆ. "ಗ್ಯಾರೇಜಿನ್ಯಾಗ ಇತ್ತು. ಅದಕ್ಕ ಕೀಲಿ ನನ್ನ ಹಂತ್ಯಾಕ ಉಳದೈತಿ. ಪಾಲು ಅಂದ್ರ ನನ್ನದು ಸ್ವಲ್ಪ ಐತಿ, ಗಾಡಿ ಅವಂದು. ಇನ್ನ ನಾ ಒಂದ ಕೇಳತೇನಿ. ನಿಮ್ಮ ಮಗಳು ಸಿಟ್ಟಿನಾಕೇನ್ರಿ? ನಮ್ಮ ಹುಡುಗ ತಿರುಗಿ ಮಾತಾಡಂಗಿಲ್ಲ. ಬಾಯಿ ಮುಚಕೊಂಡ ಎದ್ದ ಹೋಗಿಬಿಡತಾನ. ಅಂಥವನ್ನ ನೋಯಿಸೂವಂಥಾಕಿ ಇದ್ರ ಈಗ ಹೇಳಿಬಿಡ್ರಿ."

ಧೋಂಡಿಬಾ ನನ್ನನ್ನೇ ನೋಡಿದ. ಆಮೇಲೆ ದೊಡ್ಡದಾಗಿ ನಕ್ಕ. ಯಾಕೆ ನಕ್ಕನೋ ತಿಳಿಯಲಿಲ್ಲ, ಮನಸ್ಸಿಗೆ ಬರಲಿಲ್ಲ. "ಕರೀರಿ ನಿಮ್ಮ ಹುಡುಗನ್ನ," ಅಂದ. "ನನ್ನ ಬುಧಗಾಂವಕ್ಕ ಬಿಟ್ಟ ಬರಲಿ. ಬಾಜೂಕ ಕುಂತ ನೋಡತೇನಿ."

ಪರೀಕ್ಷೆ! ಆದರೂ ಫೋನು ಮಾಡಿದೆ. ಅಮರ "ಏನ ಆತ್ರಿ ದಾಜಿ, ಮತ್ತ ದೀಪ ಹತ್ತೇತೇನು?" ಅಂದ. "ಇಲ್ಲ. ನಿನ್ನ ಗಾಡಿ ಇಲ್ಲೇ ನಿಂತೈತಿ, ಬಂದು ಒಯ್ಯಿ. ಭೂಷಣಗ ಹೇಳಿ ಬಾ, ಮತ್ತ ಬರಂಗಿಲ್ಲ ಅಂತ," ಅಂದೆ. ಲೈನು ಕಟ್ಟಾಯಿತೇನೋ ಎಂದು ಎರಡು ಸಲ ಹಲೋ ಅಂದೆ. "ಬಂದೆ ದಾಜಿ," ಅಂದ.

ಬಸ್ಸಿಗೆ ಬಂದ, ಮುಖ ತೊಳೆದುಕೊಂಡ, ಧೋಂಡಿಬಾನನ್ನು ಕೂರಿಸಿಕೊಂಡು ಹೊರಟ. ಇಂದ್ರವ್ವ ಸಂತೆಯಿಂದ ಬಂದು ವಿಷಯ ಕೇಳಿ ದೇವರ ಮುಂದೆ ದೀಪ ಹಚ್ಚಿದಳು.

ಈಗ ಹೊತ್ತು ಮುಳುಗಿದೆ. ಸ್ವಲ್ಪ ಮೊದಲು ಅವನ ಫೋನು ಬಂತು, ಬುಧಗಾಂವದವರು ಊಟಕ್ಕೆ ಕೂರಿಸಿದ್ದಾರಂತೆ, ಬರುವುದು ತಡವಾಗುತ್ತದಂತೆ. ಇಂದ್ರವ್ವ ಕುಣಿಯುವುದೊಂದು ಬಾಕಿ.

"ಇನ್ನ ಯಾಕ ಮಾರಿ ಗಂಟ ಹಾಕೀರಿ? ಗಾಡೀದ ಚಿಂತೀನ?" ಅಂದಳು.

"ಹೂಂ. ಗಾಡೀದು," ಅಂದೆ.

"ಉಣ್ಣ ಏಳ್ರಿ."

"ಅವ ಬರಲಿ."

ಅವಳು ಏನೋ ಅಂದುಕೊಂಡು ಒಳಗೆ ಹೋದಳು. ಗೋಡೆಗೆ ಒರಗಿ ಇದನ್ನು ಬರೆಯುತ್ತಿದ್ದೇನೆ. ಮಾತುಕತೆ ಮುರಿದಿದ್ದವರು ಒಮ್ಮೆಲೇ ಊಟಕ್ಕೆ ಕೂರಿಸುತ್ತಾರೆ ಎಂದರೆ ಏನರ್ಥ? ಅವನು ಅಲ್ಲಿ ಒಬ್ಬನೇ. ಸುತ್ತ ನಾಲ್ಕು ಮಂದಿ ಹಿರಿಯರು ಕೂತು ಏನೇನು ಕೇಳುತ್ತಿದ್ದಾರೋ. ಅವನಿಗೆ ತಿರುಗಿ ಉತ್ತರ ಕೊಡಲು ಬರುವುದಿಲ್ಲ.

ನಾನು ಜೊತೆಗೆ ಹೋಗಬೇಕಿತ್ತು.